ಖಂಡಾಲದಲ್ಲಿ ತಿರುಗಿಸಿದ ಸ್ಕ್ರೂ

ಮೂವತ್ತು ವರ್ಷ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಸಣ್ಣ ವಿಮಾನಗಳಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸಿದವನು ನಾನು. ನನಗೆ ಸ್ಕೂಟರ್ ಯಾವ ಲೆಕ್ಕ!

ಹೆಂಡತಿ ತೀರಿಕೊಂಡ ಮೇಲೆ ವಡಾಲದ ಮನೆಯಲ್ಲಿ ನನ್ನ ಕಾರ್ಬ್ಯುರೇಟರ್ ಪುರಾಣ ಕೇಳುವವರಿಲ್ಲ. ಅವಳಾದರೂ ಮೆಂತ್ಯ ಸೊಪ್ಪು ಬಿಡಿಸುತ್ತ "ಹೂಂ" ಎನ್ನುತ್ತಿದ್ದಳು. ಆ "ಹೂಂ" ಇಲ್ಲದೆ ಭಾನುವಾರ ಮುಗಿಯುವುದೇ ಇಲ್ಲ. ಅದಕ್ಕೇ ಎದುರು ಮನೆಯ ಶೆಟ್ಟರನ್ನು ಕಾಡಿಬೇಡಿ ನನ್ನ ಸ್ಕೂಟರಿನಲ್ಲಿ ಘಾಟಿಯ ಮೇಲಿನ ಖಂಡಾಲಕ್ಕೆ ಹೊರಡಿಸಿದೆ. ಅವರು ಮಾಟುಂಗದ ಹೋಟೆಲೊಂದರ ಮ್ಯಾನೇಜರ್.

"ನಾಲ್ಕು ಗಂಟೆಗೆ ನಾನು ಕೌಂಟರಲ್ಲಿ ಇರ್ಬೇಕು ಮಾರಾಯ್ರೆ."

"ಮೂರಕ್ಕಽ ಮುಟ್ಟಸ್ತೀನ್ರಿ!"

ಘಾಟಿ ಹತ್ತುವಾಗ ಸ್ಕೂಟರ್ ಏದುಸಿರು ಬಿಟ್ಟಿತು. ನಮ್ಮಿಬ್ಬರನ್ನು ಹೊತ್ತರೆ ಕತ್ತೆಯೂ ಬಿಡುತ್ತದೆ. ನನಗೆ ಮಾತ್ರ ಅದರಲ್ಲಿ ಶಾಸ್ತ್ರ ಕಂಡಿತು!

"ನೋಡ್ರಿ ಶೆಟ್ರ, ಮ್ಯಾಲೆ ಬಂದಂಗ ಗಾಳಿ ತೆಳ್ಳಗಾಗ್ತದ. ಪೆಟ್ರೋಲ್ ಮೊದಲಿನಷ್ಟಽ ಬಂದ್ರ ಎಂಜಿನ್ನಿಗೆ ಅಜೀರ್ಣ! ದೊಡ್ಡ ಎಂಜಿನ್ನಿನಾಗ ಗಾಳಿ ತೆಗೆದು ಮುಚ್ಚಿದ ಒಂದು ಡಬ್ಬಿ ಇರ್ತದ. ಎತ್ತರಕ್ಕ ಹೋದಂಗ ಅದು ತಾನಽ ಉಬ್ಬಿ, ಸೂಜಿ ದೂಡಿ, ಪೆಟ್ರೋಲ್ ಕಡಿಮಿ ಮಾಡ್ತದ. ಸಣ್ಣ ವಿಮಾನದಾಗ ಪೈಲಟ್ಟಽ ಲಿವರ್ ಎಳೀಬೇಕು."

"ಇದು ಸ್ಕೂಟರ್ ಅಲ್ವಾ?"

ಅಪ್ರಸ್ತುತ ಪ್ರಶ್ನೆ! ಖಂಡಾಲ ಮುಟ್ಟಿದ್ದೇ ಪೆಟ್ರೋಲ್ ಕಡಿಮೆಯಾಗುವಂತೆ ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸಿದೆ. ಹಿಮಾಲಯಕ್ಕೆ ಸಾಲುವಷ್ಟು ತಿರುಗಿಸಿದೆ.

ವಡಾಪಾವ್ ತಿಂದು ಇಳಿಯುವಾಗ ಸ್ಕೂಟರ್ ಹಾರಿತು. ಅದು ಇಳಿಜಾರಿನ ಮಹಿಮೆ ಎಂದು ಹೊಳೆಯಲಿಲ್ಲ. ಊರೊಳಗೆ ಬಂದೆವು ನೋಡಿ, ಸಿಗ್ನಲ್ಲಿನಲ್ಲಿ ನಿಂತರೆ ಎಂಜಿನ್ನೂ ನಿಂತಿತು! ಪ್ರತಿ ಸಿಗ್ನಲ್ಲಿಗೂ! ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಶೆಟ್ಟರು ತಳ್ಳಿದರು. ಚೆಂಬೂರಿಗೆ ಬಂದಾಗ ಮೂರೂಮುಕ್ಕಾಲು.

"ನಿಮ್ಮ ವಿಮಾನದಲ್ಲಿ ಪ್ಯಾರಾಚೂಟ್ ಉಂಟಾ ಮಾರಾಯ್ರೆ?" ಎಂದವರೇ ಸ್ಟೇಷನ್ ಕಡೆ ಓಡಿದರು.

ಅಲ್ಲೇ ರಸ್ತೆ ಮೂಲೆಯಲ್ಲಿದ್ದ ಬಿಳಿ ಗಡ್ಡದ ಮೆಕ್ಯಾನಿಕ್ ಸ್ಕೂಟರನ್ನು ಬಗ್ಗಿ ನೋಡಿದ. "ಸಾಬ್, ಯೇ ಸ್ಕ್ರೂ ಕಿಸ್ನೇ ಛೇಡಾ?" ಸ್ಕ್ರೂ ಕೆಣಕಿದ್ದು ಯಾರಂತೆ!

ಏರುವಾಗ ಕಡಿಮೆ ಮಾಡಿದ ಪೆಟ್ರೋಲನ್ನು ಇಳಿಯುವಾಗ ಮತ್ತೆ ಹೆಚ್ಚಿಸಬೇಕು. ಅದನ್ನು ಮರೆತ ಹುಡುಗ ಪೈಲಟ್‌ಗಳಿಗೆ ಮೂವತ್ತು ವರ್ಷ ಬೈದವನು ನಾನೇ! ನಾಚಿಕೆ ಮುಚ್ಚಿಕೊಳ್ಳಲು ಅವನಿಗೆ ಡಬ್ಬಿ, ಸೂಜಿ ಎಲ್ಲ ವಿವರಿಸಿದೆ. ಅವನು ಕೈ ಒರೆಸುತ್ತ, "ಹಾಂ, ಫಿರ್?" ಎಂದ. ಆಮೇಲೇನು ಎಂದು ಒಬ್ಬರು ಕೇಳಿದರಲ್ಲ! ನಾನು ಅಲ್ಲೇ ಕೂತು ಪುರಾಣ ಮುಂದುವರಿಸಿದೆ.

ಶೆಟ್ಟರು ಈಗ ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ. ನಾನು ಪ್ರತಿ ಭಾನುವಾರ ಸ್ಕ್ರೂವನ್ನು ನಾನೇ ಕೆಡಿಸಿಕೊಂಡು, ಸಿಗ್ನಲ್ಲಿಗೊಮ್ಮೆ ತಳ್ಳುತ್ತ, ಚೆಂಬೂರಿಗೆ ಹೋಗುತ್ತೇನೆ. ಈ ಮುದುಕನಿಗೆ ಒಂದು ಸ್ಕ್ರೂ ಕೂಡ ಸರಿಮಾಡಲು ಬರುವುದಿಲ್ಲ ಎಂದು ಮೆಕ್ಯಾನಿಕ್ ನಂಬಿಬಿಟ್ಟಿದ್ದಾನೆ.

ನಂಬಲಿ ಬಿಡಿ!