ಅಲ್ಲಾಭಕ್ಷ್‌ನ ಮೈನಸ್ ಬಟನ್

ಮದುವೆಗಳಿಗೆ ಮೈಕ್‌ಸೆಟ್ ಹಾಕುವ ಮಸ್ಕಿಯ ಅಲ್ಲಾಭಕ್ಷ್ ತನ್ನ ಹಳೇ ವಾಲ್ವಿನ ಆಂಪ್ಲಿಫೈಯರಿಗೆ ಒಂದು ಬಟನ್ ಕೂಡಿಸಿದ್ದೇ ತಪ್ಪಾಯಿತು. ಗಾಜಿನ ಬಲ್ಬಿನಂಥ ಆ ವಾಲ್ವಿಗೆ ಸ್ವಲ್ಪ ಮೈನಸ್ ವೋಲ್ಟೇಜ್ ಕೊಟ್ಟರೆ ಮರ್ಯಾದೆಯಿಂದ ಹಾಡುತ್ತದೆ, ಜಾಸ್ತಿ ಕೊಟ್ಟರೆ ಅತ್ತೆ ಕಂಡ ಸೊಸೆಯಂತೆ ಗಪ್ಪಾಗುತ್ತದೆ. ಬಟನ್ ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮೌನ, ಬಿಟ್ಟರೆ ಮತ್ತೆ ಮಾತು. ಮೈಕಿನ ಸೀಟಿ ನಿಲ್ಲಿಸಲಿಕ್ಕೆಂದು ಮಾಡಿದ್ದ, ಪಾಪ.

ಅಂದು ಜವಳಗೇರಾದಲ್ಲಿ ಅಮರಗುಂಡಪ್ಪನ ಮಗಳ ಮದುವೆ. ಮೂವತ್ತು ವರ್ಷ ಊರವರ ಉಡುಗೊರೆಗಳನ್ನೆಲ್ಲ ತನ್ನ ಮೈಕಿನಲ್ಲಿ ಕೂಗಿಸಿದ ಅಲ್ಲಾಭಕ್ಷ್‌ಗೆ ಇವತ್ತೊಮ್ಮೆ ತನ್ನ ಹೆಸರೂ ಅದರಲ್ಲಿ ಕೇಳಬೇಕೆಂಬ ಆಸೆ. ಅದಕ್ಕೇ ಅಟ್ಟದ ಮೇಲಿದ್ದ ಹಿತ್ತಾಳೆ ಕೊಡ ಇಳಿಸಿದ್ದ. ಹೆಂಡತಿ ಅಖ್ತರಬೇಗಂ ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿ, ಬಟ್ಟೆ ಸುತ್ತಿ ಕೊಟ್ಟಿದ್ದಳು.

ಬಟನ್ನಿನ ಸುದ್ದಿ ಹೇಗೋ ಹಬ್ಬಿತ್ತು. ಮೊದಲು ಗಾಳೆಪ್ಪ ಬಂದು ಕಿವಿಗೆ ಬಾಯಿಟ್ಟ.

"ನಾ ಸಣ್ಣ ತಂಬಿಗಿ ತಂದೀನಿ ಮಾರಾಯ. ನನ್ನ ಹೆಸ್ರು ಬರ್ಲಿ, ತಂಬಿಗಿ ಬ್ಯಾಡ."

ಅವನ ಬೆನ್ನಿಗೇ ಗ್ಯಾನಮ್ಮ. ಆಕೆಯ ನಾದಿನಿ ದೊಡ್ಡ ಹಂಡೆ ತಂದಿದ್ದಳು. ನಾದಿನಿಯ ಹೆಸರು ಊರಿಗೆ ಕೇಳಬಾರದಂತೆ. ಯಾರಿಗೂ ಇಲ್ಲವೆನ್ನಲಾಗದ ಅಲ್ಲಾಭಕ್ಷ್ ಇಬ್ಬರಿಗೂ ಹೂಂ ಎಂದ.

ಪಾತ್ರೆಯ ಮೇಲೆ ಕೊರೆದದ್ದನ್ನು ನೋಡಿ ಮೈಕಿನಲ್ಲಿ ಓದುವುದು ವೆಂಕೋಬನ ಕೆಲಸ. ಗಾಳೆಪ್ಪನ ತಂಬಿಗೆಯ ಹಿಂದೆಯೇ ನಾದಿನಿಯ ಹಂಡೆ ಬಂತು. ತಂಬಿಗೆಗೆಂದು ಒತ್ತಿದ ಬೆರಳನ್ನು ಅಲ್ಲಾಭಕ್ಷ್ ನಾದಿನಿಯ ಹೆಸರು ಮುಗಿಯುವ ತನಕ ಎತ್ತಲೇ ಇಲ್ಲ. ಊರಿಗೆ ಕೇಳಿಸಿದ್ದಿಷ್ಟು: "ಗಾಳೆಪ್ಪನವರಿಂದ… ದೊಡ್ಡ ತಾಮ್ರದ ಹಂಡೆ."

ಗಾಳೆಪ್ಪ ಎದ್ದು ನಿಂತು ನಾಲ್ಕೂ ಕಡೆ ಕೈಮುಗಿದ. ನಾದಿನಿ ಸೆರಗು ಕಟ್ಟಿ ಜಗಳಕ್ಕೆ ನಿಂತಳು. ಅಮರಗುಂಡಪ್ಪ ಓಡಿಬಂದು, ಮೈಕು ಇನ್ನೊಂದು ಸಲ ಮಾತು ನುಂಗಿದರೆ ಮುಂದಿನ ಮದುವೆಗೆ ಸಿಂಧನೂರಿನ ಡಿಜೆಯೇ ಗತಿ ಎಂದ. ಅಲ್ಲಾಭಕ್ಷ್ ಅಲ್ಲಾನ ಆಣೆ ಇಟ್ಟ.

ಅಷ್ಟರಲ್ಲಿ ಅವನ ಸರದಿ ಬಂತು. ಕೊಡ ಹಿಡಿದು ವೇದಿಕೆಗೆ ಹೋಗುವ ಮುಂಚೆ ಹೆಂಡತಿಯನ್ನು ಪೆಟ್ಟಿಗೆಯ ಮುಂದೆ ಕೂರಿಸಿದ.

"ಏನಾರ ಆಗ್ಲಿ, ಆ ಬಟನ್ ಮಾತ್ರ ಮುಟ್ಟಬ್ಯಾಡ."

ವೆಂಕೋಬ ಬಟ್ಟೆ ಬಿಚ್ಚಿದ. "ಮೈಕ್‌ಸೆಟ್ ಅಲ್ಲಾಭಕ್ಷ್ ಅವರಿಂದ ಹಿತ್ತಾಳೆ ಕೊಡ." ಆಹಾ, ಆ ಹೆಸರು ಹಾರ್ನಿನಿಂದ ಹೊರಟು ಕಾಲುವೆ ದಾಟಿತು. ಅಲ್ಲಾಭಕ್ಷ್‌ನ ಕಣ್ಣು ತುಂಬಿತು. ವೆಂಕೋಬ ಕೊಡ ತಿರುಗಿಸಿ, ಹುಣಸೆಹಣ್ಣಿಗೆ ಹೊಳೆಯುತ್ತಿದ್ದ ಅಕ್ಷರಗಳನ್ನೂ ಓದತೊಡಗಿದ.

"ಅಲ್ಲಾಭಕ್ಷ್‌ನ ಮದುವೆಗೆ…"

ಆ ಕೊಡ ಎಲ್ಲಿಂದ ಬಂದದ್ದೆಂದು ಅಲ್ಲಾಭಕ್ಷ್‌ಗೆ ಆಗ ನೆನಪಾಯಿತು. ಬಟನ್ ಒತ್ತು ಎಂದು ಹೆಂಡತಿಗೆ ಎರಡೂ ಕೈಯಿಂದ ಸನ್ನೆ ಮಾಡಿದ. ಗಂಡ ಖುಷಿಯಿಂದ ಕೈ ಬೀಸುತ್ತಿದ್ದಾನೆಂದುಕೊಂಡ ಅಖ್ತರಬೇಗಂ ಹೇಳಿದ ಮಾತು ಮೀರದೆ, ವಾಲ್ಯೂಮ್ ಮಾತ್ರ ಪೂರ್ತಿ ತಿರುಗಿಸಿದಳು.

"…ಗೆಳೆಯ ಅಮರಗುಂಡಪ್ಪನ ಕಾಣಿಕೆ."

ಗದ್ದೆಯಲ್ಲಿ ನಾಟಿ ಹಚ್ಚುತ್ತಿದ್ದವರೂ ಸೊಂಟ ನೆಟ್ಟಗೆ ಮಾಡಿ ನಕ್ಕರು. ಅಮರಗುಂಡಪ್ಪ ಕೊಡವನ್ನು ಕೈಗೆತ್ತಿಕೊಂಡು ತಿರುವಿ ತಿರುವಿ ನೋಡಿದ.

"ಈ ಸಲ ನಿನ್ ಮೈಕು ಒಂದಕ್ಷರಾನೂ ನುಂಗಿಲ್ಲ ನೋಡು," ಎಂದ.