ಸೈಕಲ್ ಸೀಟಿಗೆ ಕೊಟ್ಟ ಅಳತೆ

ಚಪ್ಪಲಿ ಕೊಳ್ಳುವಾಗ ಕಾಲಿಟ್ಟು ನೋಡುತ್ತೇವೆ, ಅಂಗಿ ಹೊಲಿಸುವಾಗ ದರ್ಜಿಯ ಮುಂದೆ ಕೈ ಚಾಚಿ ನಿಲ್ಲುತ್ತೇವೆ. ಸೈಕಲ್ ಸೀಟಿಗೆ ಮಾತ್ರ ಯಾರೂ ಅಳತೆ ಕೊಡುವುದಿಲ್ಲ. ಕೊಡಬೇಕಾದ ಜಾಗ ಅಂಥದು ಎಂಬ ನಾಚಿಕೆ ಇರಬಹುದು. ನಾನು ಕೊಟ್ಟೆ. ಅದರಿಂದ ನಮ್ಮ ಬೀದಿಯಲ್ಲಿ ಏನಾಯಿತೆಂದು ನೆನೆದರೆ ಈಗಲೂ ಎದೆ ಧಸಕ್ಕೆನ್ನುತ್ತದೆ.

ಬಿಡದಿಯಲ್ಲಿ ಕಾರ್ಖಾನೆಗಳು ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲ. ಕಾರಿನ ಸೀಟು ತಯಾರಿಸುವ ಕಡೆ ನನಗೆ ಕೆಲಸ ಸಿಕ್ಕಿತ್ತು. ಸಿದ್ಧವಾದ ಸೀಟಿನ ಮೇಲೆ ಕೂತು, ಒರಗಿ, ಸುಖವಾಗಿದೆಯೇ ಎಂದು ಹೇಳಬೇಕು. ಕೂರುವುದಕ್ಕೂ ಸಂಬಳ ಕೊಡುತ್ತಾರೆಂದು ಕೇಳಿ ನಮ್ಮಪ್ಪ ಮೂರ್ಛೆ ಹೋಗುವುದೊಂದು ಬಾಕಿ. ಊರವರ ಸುಖವನ್ನೆಲ್ಲ ವಿಚಾರಿಸಿಕೊಳ್ಳುವ ನಾನು, ರಾಮನಗರದ ಆಚೆಯ ನಮ್ಮ ಹಳ್ಳಿಯಿಂದ ಹೆದ್ದಾರಿಯವರೆಗೆ ಸೈಕಲ್ ತುಳಿದು ಬಂದು, ಕಂಪನಿ ಬಸ್ಸಿನಲ್ಲಿ ಜಾಗ ಖಾಲಿಯಿದ್ದರೂ ನಿಂತೇ ಹೋಗುತ್ತಿದ್ದೆ. ಸೈಕಲ್ ಸೀಟು ಕೊಟ್ಟ ಉರಿ ಅಷ್ಟು.

ಮನೆಯಲ್ಲಿ ಸೈಕಲ್ ಒಂದು, ತುಳಿಯುವವರು ಮೂವರು. ಬಸ್ಸು ತಪ್ಪೀತೆಂದು ಹ್ಯಾಂಡಲಿನ ಮೇಲೆ ಬಗ್ಗಿ ಓಡಿಸುವವನು ನಾನು. ನನಗೆ ರಾತ್ರಿ ಪಾಳಿಯಿದ್ದಾಗ, ಹಗಲು ನೆಟ್ಟಗೆ ಕೂತು ನಿಧಾನವಾಗಿ ಅಂಗನವಾಡಿಗೆ ಹೋಗುವವಳು ನನ್ನ ಹೆಂಡತಿ ಜಯ. ಅವಳು ಬಂದ ಮೇಲೆ, ಹಿಂದೆ ರೇಷ್ಮೆ ಸೊಪ್ಪಿನ ಹೊರೆ ಕಟ್ಟಿಕೊಂಡು ಸೀಟಿನ ಮೂತಿಯ ಮೇಲೆ ಕೂರುವವರು ಅಪ್ಪ. ದಪ್ಪ ಸ್ಪಂಜಿನ ಅಗಲ ಸೀಟು ತಂದೆ. ಜಯಳಿಗೆ ಹಿತವಾಯಿತು, ನನ್ನ ತೊಡೆ ಉಜ್ಜಿ ಕಿತ್ತುಹೋಯಿತು, ಅಪ್ಪ ಜಾರಿ ಸೊಪ್ಪಿನ ಸಮೇತ ಚರಂಡಿ ಸೇರಿದರು. ಸಣ್ಣ ಸೀಟು ತಂದೆ. ಜಯ ಒಂದು ಸುತ್ತು ಹೋಗಿ ಬಂದು, "ಇದೇನು ಕೂರಾಕೋ, ಕಾಯಿ ಸುಲಿಯಾಕೋ?" ಎಂದು ಸೈಕಲನ್ನು ಗೋಡೆಗೆ ಒರಗಿಸಿದಳು.

ಕಾರ್ಖಾನೆಯ ಎಂಜಿನಿಯರ್ ಹತ್ತಿರ ಹೇಳಿಕೊಂಡೆ. "ಕೂತಾಗ ಭಾರ ಬೀಳೋದು ಎರಡು ಮೂಳೆ ಮೇಲೆ. ಏನಾದರೂ ಪುಡಿ ಹರಡಿ ಅದರ ಮೇಲೆ ಕೂತು ಏಳಿ. ಎರಡು ಗುಳಿ ಬೀಳುತ್ತೆ. ಆ ಗುಳಿಗಳ ನಡುವಿನ ಅಳತೆಗಿಂತ ಸ್ವಲ್ಪ ಅಗಲದ ಸೀಟು ಹಾಕಿಸಿ" ಎಂದರು. ಪುಡಿಗೇನು ಬರ? ರೇಷ್ಮೆ ಹುಳು ಸಾಕುವ ಕೋಣೆಯ ಬಾಗಿಲಲ್ಲಿ, ರೋಗ ಒಳಗೆ ಹೋಗದಿರಲೆಂದು ಅಪ್ಪ ದಿನಾ ಬೆಳಿಗ್ಗೆ ಸುಣ್ಣದ ಪುಡಿ ಚೆಲ್ಲುತ್ತಿದ್ದರು. ಮಾರನೆಯ ಬೆಳಿಗ್ಗೆ ಯಾರೂ ಇಲ್ಲದ್ದು ನೋಡಿ ಕಾರ್ಖಾನೆಯ ಪ್ಯಾಂಟಿನಲ್ಲೇ ಅದರ ಮೇಲೆ ಕೂತೆ. ಎದ್ದು ಅಳೆದೆ. ಅಷ್ಟರಲ್ಲಿ ಹೆಜ್ಜೆ ಸಪ್ಪಳ ಕೇಳಿ ಹಿತ್ತಿಲಿಗೆ ಓಡಿದೆ.

"ಅಯ್ಯಯ್ಯೋ, ಮಾಟ ಮಾಡ್ಬುಟ್ಟವ್ರಲ್ಲಪ್ಪೋ!"

ಅಪ್ಪನ ಕೂಗು. ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು, ಮನೆಯವರ ಅನ್ನವೆಲ್ಲ ಆ ಹುಳುವಿನ ತಟ್ಟೆಗಳಲ್ಲಿತ್ತು. ಅಂಥದ್ದರಲ್ಲಿ ಬಾಗಿಲಲ್ಲೇ ಎರಡು ಗುಳಿ! ಹಿಂದಿನ ದಿನವಷ್ಟೇ ಪಕ್ಕದ ಮನೆಯ ಕೆಂಪಣ್ಣ ಬಂದು, "ಹುಳ ಬಲೇ ಚೆನ್ನಾಗ್ ಬಂದವೆ" ಎಂದು ಹೊಗಳಿ ಹೋಗಿದ್ದರು. ಅಪ್ಪ ಕುಡುಗೋಲು ಹಿಡಿದು ಅವರ ಮನೆಯತ್ತ ನಡೆದೇಬಿಟ್ಟರು. ಬಾಯಿ ಬಿಟ್ಟರೆ ನನ್ನ ಮಾನ ಹೋಗುತ್ತದೆ, ಬಿಡದಿದ್ದರೆ ಕೆಂಪಣ್ಣನ ತಲೆ ಹೋಗುತ್ತದೆ. ಓಡಿಹೋಗಿ ಅಡ್ಡ ನಿಂತೆ.

"ಅಪ್ಪಾ, ಅದು ಮಾಟ ಅಲ್ಲ, ನಂದು. ಸೈಕಲ್ ಸೀಟಿಗೆ ಅಳತೆ ತಗೊಂಡೆ."

ಬೀದಿಗೆ ಬೀದಿಯೇ ಸೇರಿತ್ತು. ಅಪ್ಪ ನಂಬಲಿಲ್ಲ. "ಅವನ್ನ ಉಳ್ಸಾಕೆ ಸುಳ್ಳೇಳ್ತಿದ್ದೀಯ ಕಣ್ಲಾ. ನಿಂದೇ ಆದ್ರೆ ಎಲ್ಲಿ, ಕೂತ್ ತೋರ್ಸು!"

ಹುಳುವಿನ ಕೋಣೆಯ ಬಾಗಿಲಿಗೆ ಮರಳಿ, ಎಲ್ಲರೆದುರು ಹಳೆಯ ಗುಳಿಗಳ ಪಕ್ಕದಲ್ಲೇ ಇನ್ನೊಮ್ಮೆ ಕೂತೆ. ಕೆಂಪಣ್ಣನಿಗೆ ಪ್ರಾಣದ ಪ್ರಶ್ನೆ. ಮೊಣಕಾಲೂರಿ, ಗೇಣು ಹಾಕಿ ಹಳೆಯದನ್ನೂ ಹೊಸದನ್ನೂ ಅಳೆದು, "ಅಚ್ಚು ಒಂದೇಯಾ. ಇವನ್ದೇ ಕಣಣ್ಣೋ!" ಎಂದು ಊರಿಗೆ ಕೇಳುವಂತೆ ಸಾರಿದರು. ಜಯ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ ತಿಳಿಯಲಿಲ್ಲ.

ಬಸ್ಸಿಗೆ ಹೊತ್ತಾಗಿತ್ತು. ಪೆಡಲಿನ ಮೇಲೆ ನಿಂತೇ ತುಳಿದೆ, ಬಸ್ಸಿನಲ್ಲೂ ನಿಂತೇ ಹೋದೆ. ಮಧ್ಯಾಹ್ನ ಎಂಜಿನಿಯರ್ ಕರೆದರು. ಬೆಳಗಿನಿಂದ ನಾನು ಕೂತು, ಒರಗಿ, ಒಪ್ಪಿ ಕಳಿಸಿದ್ದ ಕಪ್ಪು ಸೀಟುಗಳೆಲ್ಲ ಸಾಲಾಗಿ ನಿಂತಿದ್ದವು. ಒಂದೊಂದರ ಮೇಲೂ ಎರಡೆರಡು ಬಿಳಿ ಮಚ್ಚೆ.

"ಏನ್ರೀ ಇದು?" ಎಂದು ಅವರು ಗಾಬರಿಯಿಂದ ಕೇಳಿದರು.

ನಾನು ಮೆಲ್ಲನೆ ಹಿಂದಕ್ಕೆ ಸರಿದು, ಬೆನ್ನನ್ನು ಗೋಡೆಗೆ ಒತ್ತಿ ನಿಂತು ಹೇಳಿದೆ: "ಯಾರೋ ಮಾಟ ಮಾಡ್ಸವ್ರೆ ಸಾರ್."