ಬಿಳಿ ಸೈಕಲ್ಲಿನ ಶೃಂಗಾರ

ಸೈಕಲ್ ಹೊಡೆಯುವುದರಲ್ಲಿ ನನ್ನನ್ನು ಮೀರಿಸುವವರು ಯಾರೂ ಇಲ್ಲ. ಧಾರವಾಡದ ಇಳಿಜಾರುಗಳಲ್ಲಿ ಎರಡೂ ಕೈ ಬಿಟ್ಟು ಸೈಕಲ್ ಓಡಿಸಿದವನು ನಾನು. ಹೀಗಾಗಿ ಲಂಡನ್ನಿನ ಡ್ರೈವಿಂಗ್ ಟೆಸ್ಟಿನಲ್ಲಿ ಮೂರನೇ ಸಲ ಫೇಲಾದಾಗ ನಾನು ಎದೆಗುಂದಲಿಲ್ಲ. ಎದೆಗುಂದಿದ್ದು ಮರುದಿನ ಬೆಳಿಗ್ಗೆ. ಹೆಂಡತಿ ರೇಖಾ ತನ್ನ ಕಾರಿನಲ್ಲಿ ನನ್ನನ್ನು ಹ್ಯಾರೋ ಸ್ಟೇಷನ್ನಿಗೆ ಬಿಟ್ಟು, ಕಿಟಕಿ ಇಳಿಸಿ, "ಡಬ್ಬಿ ತಗೊಂಡ್ರಿಲ್ಲೋ? ಸ್ವೆಟರ್ ಹಾಕ್ಕೋರಿ!" ಎಂದು ಕೂಗಿದಳು. ಪಕ್ಕದಲ್ಲೇ ಅಮ್ಮನ ಕಾರಿನಿಂದ ಇಳಿಯುತ್ತಿದ್ದ ಸ್ಕೂಲ್ ಹುಡುಗಿಯೊಬ್ಬಳು ನನ್ನನ್ನು ಕನಿಕರದಿಂದ ನೋಡಿದಳು. ಸತ್ತರೂ ಇನ್ನು ಹೆಂಡತಿಯ ಕಾರಿನಲ್ಲಿ ಸ್ಟೇಷನ್ನಿಗೆ ಹೋಗುವುದಿಲ್ಲ ಎಂದು ಅಲ್ಲೇ ಶಪಥ ಮಾಡಿದೆ.

ನಮ್ಮ ಬೀದಿಯಲ್ಲಿದ್ದ ಡಚ್ಚರೊಬ್ಬರು ಊರಿಗೆ ಮರಳುವಾಗ ತಮ್ಮ ಹಳೆಯ ಸೈಕಲ್ಲನ್ನು ನನಗೆ ಕೊಟ್ಟರು. ಕಬ್ಬಿಣದ್ದು, ಎಮ್ಮೆಯಷ್ಟು ಭಾರ. ಆದರೆ ಅದರ ಮೇಲೆ ಬೆನ್ನು ಬಗ್ಗಿಸದೆ, ಮದುಮಗನ ಹಾಗೆ ನೆಟ್ಟಗೆ ಕೂತು ಹೋಗಬಹುದು. ತುಕ್ಕು ಮುಚ್ಚಲು ಅದಕ್ಕೆ ಅಪ್ಪಟ ಬಿಳಿ ಬಣ್ಣ ಬಳಿದೆ. ಕಾರಿನವರ ಕಣ್ಣಿಗೆ ಬೀಳಲೆಂದು ಟೈರುಗಳನ್ನೂ ಬಿಳಿಯವೇ ಹಾಕಿಸಿದೆ.

"ಸುಣ್ಣಾ ಹೊಡೆದ ಗ್ವಾಡಿ ಕಂಡಂಗ ಕಾಣಸ್ತದ," ಎಂದಳು ರೇಖಾ.

"ತಡಿ, ಇನ್ನ ಶೃಂಗಾರ ಆಗಬೇಕು."

ಶೃಂಗಾರದ ಸಾಮಾನುಗಳು ದಿನಕ್ಕೊಂದರಂತೆ ಪೋಸ್ಟಿನಲ್ಲಿ ಬರತೊಡಗಿದವು. ಸೀಟಿಗೆ ಸ್ಟ್ರಾಬೆರಿ ಚಿತ್ರದ ಟೋಪಿ. ಕ್ಯಾರಿಯರಿನ ಎರಡೂ ಕಡೆ ತೂಗುವ, ಕೆಂಪು ಚುಕ್ಕೆಗಳ ಚೀಲ. ತೆಂಗಿನಕಾಯಿ ಹೋಳಿನಷ್ಟು ದೊಡ್ಡ ಗಂಟೆ. ಹ್ಯಾಂಡಲಿಗೆ ಸುತ್ತಲು ಪ್ಲಾಸ್ಟಿಕ್ ಹೂಬಳ್ಳಿ. ಮುಂದೆ ಹಸಿರು ಬುಟ್ಟಿ. ಫೋನ್ ಸಿಕ್ಕಿಸಲು ಹಳದಿ ಹಿಡಿಕೆ. ಕೊನೆಗೆ ಹಿಂದಿನ ಚಕ್ರ ಮುಚ್ಚುವ ನವಿಲುಬಣ್ಣದ ಜಾಲರಿ.

"ಇದ್ಯಾಕ್ರೀ?"

"ಚಕ್ರದಾಗ ಸೀರಿ ಸಿಗಬಾರದು ಅಂತ."

"ಸೀರಿ ಯಾರು ಉಡೋರು? ನೀವೋ?"

ಇಂಥ ಪ್ರಶ್ನೆಗಳಿಗೆ ಉತ್ತರಿಸುವುದು ನನ್ನ ಘನತೆಗೆ ತಕ್ಕುದಲ್ಲ ಎಂದು ಜಾಲರಿ ಬಿಗಿಯತೊಡಗಿದೆ.

ಆಯುಧಪೂಜೆಯ ದಿನ ಉದ್ಘಾಟನೆ. ಸೈಕಲ್ಲಿಗೆ ಅರಿಶಿನ ಹಚ್ಚಿ, ಊದುಬತ್ತಿ ಬೆಳಗಿ, ಮಾರುದ್ದದ ಚೆಂಡುಹೂವಿನ ಹಾರ ಹಾಕಿದೆ. ಆಫೀಸಿನ ಕಂಪ್ಯೂಟರಿಗೂ ಪೂಜೆಯಾಗಲೆಂದು ಕುಂಕುಮದ ದೊಡ್ಡ ಡಬ್ಬಿಯನ್ನು ಬುಟ್ಟಿಯಲ್ಲಿಟ್ಟೆ. ರೇಖಾ ಕಾರಿನ ಕೀಲಿ ಆಡಿಸುತ್ತ, "ಮಳಿ ಬರೂಹಂಗ ಅದ, ಬಿಟ್ಟು ಬರ್ಲೇನು?" ಎಂದಳು. ನಾನು ಗಂಟೆ ಬಾರಿಸಿದೆ. ಅದೇ ನನ್ನ ಉತ್ತರ!

ಹಿಂದಿನ ಚಕ್ರಕ್ಕೆ ಜಾಲರಿಯ ರಕ್ಷಣೆ ಇತ್ತು. ಮುಂದಿನ ಚಕ್ರವನ್ನು ದೇವರಿಗೆ ಬಿಟ್ಟಿದ್ದೆ. ಸ್ಟೇಷನ್ನಿಗೆ ಇನ್ನೊಂದೇ ತಿರುವು ಇರುವಾಗ ಚೆಂಡುಹೂವಿನ ಹಾರ ಮುಂದಿನ ಚಕ್ರಕ್ಕೆ ಸುತ್ತಿಕೊಂಡಿತು. ಸೈಕಲ್ ನಿಂತಿತು. ನಾನು ನಿಲ್ಲಲಿಲ್ಲ! ಪುಣ್ಯಕ್ಕೆ ಹುಲ್ಲಿನ ಮೇಲೆ ಬಿದ್ದೆ. ಹಿಡಿಕೆಯಿಂದ ಹಾರಿದ ಫೋನ್ ಮಾತ್ರ ರಸ್ತೆಗೆ ಬಿದ್ದು ಪ್ರಾಣ ಬಿಟ್ಟಿತು. ಕುಂಕುಮದ ಡಬ್ಬಿ ಬಾಯ್ಬಿಟ್ಟು ಫುಟ್‌ಪಾತೆಲ್ಲ ಕೆಂಪಾಯಿತು. ಆಗಲೇ ಜಿನುಗುಮಳೆಯೂ ಶುರುವಾಯಿತು. ಚಕ್ರ ಅಲುಗಲೊಲ್ಲದು. ಟ್ರೇನಿಗೆ ಹೊತ್ತಾಗಿತ್ತು. ಹಾರದ ಸಮೇತ ಸೈಕಲ್ಲನ್ನು ಪಕ್ಕದ ದೀಪದ ಕಂಬಕ್ಕೆ ಬೀಗ ಹಾಕಿ ಓಡಿದೆ.

ಸಂಜೆ ಬಂದು ನೋಡಿದರೆ ಕಂಬದ ಸುತ್ತ ಜನ! ಸೈಕಲ್ಲಿನ ಬುಡದಲ್ಲಿ ಹೂಗುಚ್ಛಗಳು, ಉರಿಯುವ ಮೇಣದಬತ್ತಿಗಳು, ಒಂದು ಟೆಡ್ಡಿ ಕರಡಿ. ಇಲ್ಲಿಯ ಜನ ಆಯುಧಪೂಜೆಯನ್ನು ಇಷ್ಟು ಭಕ್ತಿಯಿಂದ ಮಾಡುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಸಂತೋಷದಿಂದ ಕೈಮುಗಿದೆ.

ಬಿಳಿಕೂದಲಿನ ಇಂಗ್ಲಿಷ್ ಅಜ್ಜಿಯೊಬ್ಬರು ನನ್ನ ಕೈ ಹಿಡಿದುಕೊಂಡರು. "ನಿಮಗೆ ಅವರ ಪರಿಚಯವಿತ್ತೇ?"

"ಯಾರ ಪರಿಚಯ?"

"ಪಾಪ, ಇಲ್ಲಿ ತೀರಿಕೊಂಡ ಸೈಕಲ್ ಸವಾರನದು."

ಲಂಡನ್ನಿನಲ್ಲಿ ಸೈಕಲ್ ಸವಾರರು ಅಪಘಾತದಲ್ಲಿ ತೀರಿಕೊಂಡರೆ, ಆ ಜಾಗದಲ್ಲಿ ಪೂರ್ತಿ ಬಿಳಿ ಬಣ್ಣ ಬಳಿದ ಸೈಕಲ್ ಕಟ್ಟಿ ಹೂವಿಡುವ ಪದ್ಧತಿಯಿದೆ. ಊರಿಗೆಲ್ಲ ಗೊತ್ತಿದ್ದದ್ದು ನನಗೊಬ್ಬನಿಗೆ ಗೊತ್ತಿರಲಿಲ್ಲ. ಬಿಳಿ ಸೈಕಲ್, ಹೂವಿನ ಹಾರ, ನೆಲದ ಮೇಲೆ ಹಸಿ ಕೆಂಪು. ಇನ್ನೇನು ಬೇಕು?

"ಸೈಕಲ್ ನನ್ನದು" ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿ, "ತುಂಬ ಒಳ್ಳೆಯ ಮನುಷ್ಯನಿರಬೇಕು, ಬಣ್ಣ ಬಣ್ಣದ ಮನಸ್ಸು," ಎಂದು ನನ್ನ ಚುಕ್ಕೆ ಚೀಲವನ್ನು ಸವರಿದರು. ನನ್ನ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ಕೇಳಿ ಎಷ್ಟು ಕಾಲವಾಗಿತ್ತೋ! ಟೆಸ್ಟಿನಲ್ಲಿ ಫೇಲಾದಾಗ ಬಾರದ ಅಳು ಈಗ ಬಂತು. ನಿಜವಾಗಿ ಅತ್ತೆ. ಅಜ್ಜಿ ನನ್ನ ಕೈಗೊಂದು ಗುಲಾಬಿ ಕೊಟ್ಟರು. ಅದನ್ನು ನನ್ನ ಸೈಕಲ್ಲಿಗೆ ನಾನೇ ಅರ್ಪಿಸಿದೆ.

ಅಷ್ಟರಲ್ಲಿ ಕರ್ರೆಂದು ಬ್ರೇಕ್ ಹಾಕಿ ಒಂದು ಕಾರು ನಿಂತಿತು. ಬಾಗಿಲು ತೆರೆದಿಟ್ಟೇ ರೇಖಾ ಓಡಿ ಬಂದಳು. ಕಾಲಲ್ಲಿ ಮನೆಯ ಚಪ್ಪಲಿ, ಕಣ್ಣಲ್ಲಿ ಧಾರಾಕಾರ ನೀರು. ಯಾರೋ ಈ ಸೈಕಲ್ಲಿನ ಫೋಟೋ ತೆಗೆದು ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಹಾಕಿ, "ಓಂ ಶಾಂತಿ" ಎಂದು ಬರೆದಿದ್ದರಂತೆ. ಇವಳು ನವಿಲುಬಣ್ಣದ ಜಾಲರಿ ನೋಡಿದ್ದಾಳೆ. ನನಗೆ ಮೇಲಿಂದ ಮೇಲೆ ಫೋನ್ ಮಾಡಿದ್ದಾಳೆ. ಪ್ರಾಣ ಬಿಟ್ಟ ಫೋನ್ ಎಲ್ಲಿ ಉತ್ತರಿಸಬೇಕು?

ಜನ ಗೌರವದಿಂದ ದಾರಿ ಬಿಟ್ಟರು. ರೇಖಾ ಸೈಕಲ್ಲಿನ ಮುಂದೆ ಕುಸಿಯುವುದರಲ್ಲಿದ್ದಳು. ಆಗ ಪಕ್ಕದಲ್ಲಿ ಕೈಮುಗಿದು ನಿಂತ ನಾನು ಅವಳ ಕಣ್ಣಿಗೆ ಬಿದ್ದೆ.

ಒಂದು ಗಳಿಗೆ ಅವಳ ಮುಖ ನೋಡಲಾಗಲಿಲ್ಲ. ಅಷ್ಟು ಹೆದರಿದ ಮುಖವನ್ನು ನಾನು ಎಂದೂ ನೋಡಿರಲಿಲ್ಲ. ಮರುಗಳಿಗೆ ಪರ್ಸಿನಿಂದ ನನ್ನ ಭುಜಕ್ಕೆ ಬಾರಿಸಿದಳು.

"ಸತ್ತೀರಿ ಅಂತ ತಿಳ್ಕೊಂಡಿದ್ನಲ್ರೀ! ನನ್ನ ಜೀವಾ ಹೋಗಿತ್ತಲ್ರೀ! ಹೂವಾ ಏರಿಸಿ ಕೈ ಮುಗದು ನಿಂತಾರ ನೋಡ್ರಿ ಇಲ್ಲೆ!"

ಅವಳ ಧಾರವಾಡ ಕನ್ನಡ ಅಲ್ಲಿ ಯಾರಿಗೆ ತಿಳಿಯಬೇಕು? ಗಂಡನನ್ನು ಕಳೆದುಕೊಂಡ ಹೆಂಗಸು ಅಪರಿಚಿತ ಗಂಡಸನ್ನು ಹೊಡೆಯುತ್ತಿದ್ದಾಳೆ. ಅದಕ್ಕೆ ಅರ್ಥ ಒಂದೇ. ಟೈ ಕಟ್ಟಿದ ಯಜಮಾನರೊಬ್ಬರು ಗಂಭೀರವಾಗಿ, "ಬಿಡಿ ಮೇಡಂ. ಕಾರು ಗುದ್ದಿದ ಈತನನ್ನು ಕಾನೂನು ನೋಡಿಕೊಳ್ಳುತ್ತದೆ," ಎಂದರು.

ಮೂರು ಸಲ ಟೆಸ್ಟ್ ಫೇಲಾದವನ ಮೇಲೆ ಕಾರು ಓಡಿಸಿದ ಆರೋಪ!

"ಸ್ವಾಮಿ, ಸತ್ತವನು ನಾನೇ!" ಎಂದು ಇಂಗ್ಲಿಷಿನಲ್ಲಿ ಕಿರುಚಿದೆ. ಜೇಬಿನಿಂದ ಕೀಲಿ ತೆಗೆದು, ಬೀಗ ಬಿಚ್ಚಿ ತೋರಿಸಿದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಾಗಾದರೆ ಯಾರೂ ಸತ್ತಿಲ್ಲವೇ?" ಎಂದು ಕೇಳಿದರು.

"ಇಲ್ಲ. ಕ್ಷಮಿಸಿ."

ಅವರು ಬಗ್ಗಿ ತಮ್ಮ ಹೂಗುಚ್ಛವನ್ನು ಎತ್ತಿಕೊಂಡು ಹೊರಟರು. ಹಿಂದೆಯೇ ಒಬ್ಬರು ಮೇಣದಬತ್ತಿ ಆರಿಸಿ ಜೇಬಿಗಿಟ್ಟುಕೊಂಡರು. ಟೆಡ್ಡಿ ಕರಡಿಯೂ ಹೋಯಿತು. ನಾನು ಬದುಕಿರುವುದು ಇಷ್ಟು ಜನರಿಗೆ ಬೇಸರದ ಸಂಗತಿಯಾಗುತ್ತದೆಂದು ನಾನು ಎಣಿಸಿರಲಿಲ್ಲ. ಕಾರಿನಲ್ಲಿ ರೇಖಾ ಮನೆ ಮುಟ್ಟುವ ತನಕ ಒಂದು ಕೈಯಿಂದ ಕಣ್ಣೊರೆಸಿಕೊಳ್ಳುತ್ತಲೇ ಇದ್ದಳು.

ಸೈಕಲ್ ಈಗ ಹಿತ್ತಲಲ್ಲಿದೆ. ಚುಕ್ಕೆ ಚೀಲಗಳಲ್ಲಿ ರೇಖಾ ಮೆಂತ್ಯ ಹಾಕಿದ್ದಾಳೆ, ಚೆನ್ನಾಗಿ ಬಂದಿದೆ. ಸತ್ತರೂ ಹೆಂಡತಿಯ ಕಾರಿನಲ್ಲಿ ಸ್ಟೇಷನ್ನಿಗೆ ಹೋಗುವುದಿಲ್ಲ ಎಂದಿದ್ದೆನಲ್ಲ, ಈಗ ಸತ್ತ ಮೇಲೆ ದಿನಾ ಹೋಗುತ್ತಿದ್ದೇನೆ. ಆ ತಿರುವು ಬಂದಾಗ ಅವಳು ತಪ್ಪದೆ ಕಾರು ನಿಧಾನ ಮಾಡುತ್ತಾಳೆ.

"ಇಲ್ಲೇ ಅಲ್ಲೇನ್ರೀ ನೀವು ತೀರ್ಕೊಂಡಿದ್ದು?"

"ಹೌದು, ಇಲ್ಲೇ."

"ನಮಸ್ಕಾರ ಮಾಡ್ರಿ."

ಮಾಡುತ್ತೇನೆ.